ಅಂಗಡಿ ಚಿಕ್ಕಮ್ಮನದು, ಕೀಲಿ ಯಾರದು?

ಏಪ್ರಿಲ್ ಬಂತೆಂದರೆ ಸಾಗರದ ನಮ್ಮ ಚಿಕ್ಕಮ್ಮನಿಗೆ ಕೂತು ಒಂದು ಲೋಟ ಕಾಫಿ ಕುಡಿಯಲೂ ಪುರುಸೊತ್ತಿರಲ್ಲ. ಅಪ್ಪೆಮಿಡಿ ಮೂಟೆ ಮೂಟೆ ಬಂದು ಬೀಳುತ್ತೆ. ತೊಟ್ಟು ನೋಡಿ ಆರಿಸಬೇಕು, ತೊಳೆಯಬೇಕು, ಹರಳುಪ್ಪಿನಲ್ಲಿ ಹಾಕಿ ಭರಣಿ ಮುಚ್ಚಬೇಕು. ಜೊತೆಗೆ ಹಿಂದಿನ ವರ್ಷದ ಉಪ್ಪಿನಕಾಯಿಗೆ ಆರ್ಡರ್ ಬರುವುದೂ ಆಗಲೇ. ಬೆಂಗಳೂರಿನವರಿಗೆ, ಮುಂಬೈನವರಿಗೆ ಊಟದ ಜೊತೆ ನಂಜಿಕೊಳ್ಳಲು ಮಿಡಿ ನೆನಪಾಗುವುದು ಬೇಸಿಗೆಯಲ್ಲಿ.

ಅಂಥ ಏಪ್ರಿಲ್‌ನ ಒಂದು ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದರು. "ನೋಡು ಮಾರಾಯ್ತಿ, ಮೂರು ದಿನದಿಂದ ಒಂದೇ ಒಂದು ಆರ್ಡರ್ ಇಲ್ಲ. ಪುಣೆಯವರೊಬ್ಬರು ಫೋನ್ ಮಾಡಿ, ನಿಮಗೆ ಕಳಿಸಿದ ಮೇಲ್ ವಾಪಸ್ ಬಂತು ಅಂದ್ರು. ಏನಾಗಿದೆ ನೋಡೇ."

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವವಳು. ಮನೆಯವರ ಪ್ರಕಾರ ವೈಫೈ ಕೆಟ್ಟರೂ, ಟಿವಿ ರಿಮೋಟ್ ಕೆಟ್ಟರೂ, ಗ್ಯಾಸ್ ಬುಕ್ ಆಗದಿದ್ದರೂ ನನ್ನ ಖಾತೆಯೇ. ವಾಪಸ್ ಬಂದ ಮೇಲ್ ಓದಿದರೆ ವಿಷಯ ಸರಳವಾಗಿತ್ತು. ಹೋಸ್ಟಿಂಗ್ ಜಾಗ ತುಂಬಿಹೋಗಿದೆ, ಹೊಸ ಮೇಲ್ ಇಡಲು ಸ್ಥಳ ಇಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಹಳೆಯ ಫೈಲು ಅಳಿಸಿದರೆ ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷದ ಕೆಲಸಕ್ಕೆ ಹಿಡಿದದ್ದು ಆರು ದಿನ.

ಕಂಟ್ರೋಲ್ ಪ್ಯಾನೆಲ್ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ವೆಬ್‌ಸೈಟ್ ಅನ್ನುವುದು ಅಂಗಡಿಯ ಮುಂಬಾಗಿಲಾದರೆ ಇದು ಹಿಂದಿನ ಉಗ್ರಾಣ. ಫೈಲುಗಳು, ಮೇಲ್ ಖಾತೆಗಳು, ಡೇಟಾಬೇಸ್ ಎಲ್ಲ ಇಲ್ಲೇ. ಸಿಪ್ಯಾನೆಲ್, ಪ್ಲೆಸ್ಕ್ ಇವೆಲ್ಲ ಇಂಥ ಉಗ್ರಾಣಗಳ ಹೆಸರು. ಉಗ್ರಾಣಕ್ಕೆ ಹೋಗಲು ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ಅಥವಾ, ಸರ್ವರ್ ನಡೆಸುವವರು ವ್ಯವಸ್ಥೆ ಮಾಡಿದ್ದರೆ, ಗೂಗಲ್‌ನಂಥ ಬೇರೆಯವರ ಖಾತೆಯಿಂದಲೂ ಒಳಗೆ ಹೋಗಬಹುದು.

ಚಿಕ್ಕಮ್ಮನ ಹತ್ತಿರ ಎರಡೂ ಇರಲಿಲ್ಲ. ಸೈಟ್ ಮಾಡಿಕೊಟ್ಟದ್ದು ಅದೇ ಬೀದಿಯ ಒಬ್ಬ ಹುಡುಗ, ಆಗ ಎಂಜಿನಿಯರಿಂಗ್ ಕೊನೇ ವರ್ಷ. ಒಳ್ಳೇ ಹುಡುಗ, ಕಾಸು ಕಡಿಮೆ ತಗೊಂಡಿದ್ದ. ಈಗ ದುಬೈನಲ್ಲಿದ್ದಾನೆ, ನಂಬರ್ ಬದಲಾಗಿದೆ. ಪಾಸ್‌ವರ್ಡ್ ಮರೆತಿದೆ ಅಂತ ಕೊಟ್ಟರೆ ರೀಸೆಟ್ ಮೇಲ್ ಹೋಗುವುದು ಅವನದೇ ವಿಳಾಸಕ್ಕೆ. ಅವನ ಅಮ್ಮನನ್ನು ಸಂತೆಯಲ್ಲಿ ಹಿಡಿದು ಚಿಕ್ಕಮ್ಮ ನಂಬರ್ ತಂದರು. ಅಂದೇ ರಾತ್ರಿ ಅವನು ಸಿಕ್ಕ.

"ಅಕ್ಕಾ, ನಾನು ಪಾಸ್‌ವರ್ಡ್ ಬಳಸ್ತಾನೇ ಇರ್ಲಿಲ್ಲ. ಗೂಗಲ್ ಬಟನ್ ಒತ್ತಿ ಹೋಗ್ತಿದ್ದೆ."

"ಸರಿ ಕಣಪ್ಪಾ, ಈಗ ಒಂದ್ಸಲ ಒತ್ತು."

"ಅದು ಕಾಲೇಜಿನ ಐಡಿ ಅಕ್ಕಾ. ಪಾಸಾಗಿ ಹೋದ್ಮೇಲೆ ಅದನ್ನ ಮುಚ್ಚಿಬಿಟ್ರು."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಚಿಕ್ಕಮ್ಮನ ಇಡೀ ವ್ಯಾಪಾರದ ಕೀಲಿ, ಅವರು ಹೆಸರೂ ಕೇಳದ ಯಾವುದೋ ಕಾಲೇಜಿನ ಮೇಲ್ ಖಾತೆಯಲ್ಲಿತ್ತು. ಅದು ಸತ್ತು ಎರಡು ವರ್ಷವಾಗಿತ್ತು, ನಮಗೆ ಸುದ್ದಿಯೂ ಇರಲಿಲ್ಲ.

ಹೋಸ್ಟಿಂಗ್ ಕಂಪನಿಯವರನ್ನು ಬೈಯುವ ಹಾಗಿಲ್ಲ. ನಾನೇ ಅಂಗಡಿಯವಳು ಅಂತ ಫೋನ್ ಮಾಡಿದವರಿಗೆಲ್ಲ ಬಾಗಿಲು ತೆಗೆದರೆ ಅದು ಕಳ್ಳರಿಗೂ ತೆಗೆದ ಹಾಗೆಯೇ. ದುಡ್ಡು ಕಟ್ಟಿದ ಬ್ಯಾಂಕ್ ದಾಖಲೆ ಕೇಳಿದರು, ಗುರುತಿನ ಚೀಟಿ ಕೇಳಿದರು. ಪುಣ್ಯಕ್ಕೆ ಪ್ರತಿ ವರ್ಷ ದುಡ್ಡು ಹೋಗಿದ್ದು ಚಿಕ್ಕಮ್ಮನ ಖಾತೆಯಿಂದಲೇ. ಆರನೇ ದಿನ ಒಳಗೆ ಹೋಗಿ ನೋಡಿದರೆ, ಜಾಗ ತುಂಬಿಸಿದ್ದು ಹುಡುಗ ಇಟ್ಟುಹೋಗಿದ್ದ ಹಳೆಯ ಬ್ಯಾಕಪ್ ಫೈಲುಗಳು. ಅಳಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಇಷ್ಟಾದ ಮೇಲೆ, ಆಫೀಸಿನ ಗೆಳತಿಯೊಬ್ಬಳೂ ನಾನೂ ಪಾಲಿನಲ್ಲಿ ಬಾಡಿಗೆಗೆ ತಗೊಂಡಿದ್ದ ಸಣ್ಣ ಸರ್ವರ್‌ಗೆ ಸೈಟನ್ನು ತಂದೆ. ನೆಂಟರಿಷ್ಟರ ಐದಾರು ಸೈಟು ಅಲ್ಲೇ ಇವೆ. ಅಲ್ಲಿ ಉಗ್ರಾಣದ ಯಜಮಾನಿಕೆ ನಮ್ಮದೇ. ಹಾಗಾಗಿ ಗೂಗಲ್ ಲಾಗಿನ್ನನ್ನು ಸರಿಯಾಗಿ ನಾನೇ ಕೂಡಿಸೋಣ ಅನ್ನಿಸಿತು.

ಸುಟ್ಟ ಮೇಲೂ ಅದೇ ಬೆಂಕಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ನಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 'ಪಾಸ್‌ವರ್ಡ್' ಅಂತ ಹುಡುಕಿ ನೋಡಿದೆ. ಬ್ಯಾಂಕಿನದ್ದೊಂದು ಬಿಟ್ಟು ಎಲ್ಲ ಸಿಕ್ಕಿತು. ಗೂಗಲ್ ಖಾತೆಯನ್ನಾದರೆ ಚಿಕ್ಕಮ್ಮ ದಿನಾ ಫೋನಿನಲ್ಲಿ ಬಳಸುತ್ತಾರೆ, ಅದಕ್ಕೆ ಎರಡನೇ ಹಂತದ ಬೀಗವೂ ಇದೆ. ಇನ್ನೊಂದು ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ ಅಂದರೆ ಅದು ಮತ್ತೆ ಗ್ರೂಪಿಗೇ ಬರುತ್ತೆ.

ಸೀಲು ನೋಡುವ ಕಂಡಕ್ಟರ್

ಇದು ಕೆಲಸ ಮಾಡುವ ರೀತಿ ವಿದ್ಯಾರ್ಥಿ ಬಸ್ ಪಾಸಿನ ಹಾಗೆ. ಕಂಡಕ್ಟರ್ ಪ್ರತಿ ಹುಡುಗಿಯ ಕಾಲೇಜಿಗೂ ಫೋನ್ ಮಾಡಿ ಇವಳು ನಿಮ್ಮವಳೇ ಅಂತ ವಿಚಾರಿಸಲ್ಲ. ಪಾಸಿನ ಮೇಲಿನ ಸೀಲು ನೋಡುತ್ತಾನೆ, ತಾರೀಖು ನೋಡುತ್ತಾನೆ, ಮುಂದೆ ಹೋಗುತ್ತಾನೆ. ಇಲ್ಲಿ ಸೀಲು ಒತ್ತುವುದು ಗೂಗಲ್, ನೋಡುವುದು ಸಿಪ್ಯಾನೆಲ್. ನಿಮ್ಮ ಗೂಗಲ್ ಪಾಸ್‌ವರ್ಡ್ ಸಿಪ್ಯಾನೆಲ್‌ಗೆ ಹೋಗುವುದೇ ಇಲ್ಲ. ಹೋಗುವುದು 'ಇವರು ಇಂಥ ಖಾತೆಯವರು ಹೌದು' ಅನ್ನುವ, ಸಹಿ ಮಾಡಿದ ಒಂದು ಚೀಟಿ. ಈ ಪದ್ಧತಿಗೆ ಓಪನ್‌ಐಡಿ ಕನೆಕ್ಟ್ ಅಂತ ಹೆಸರು. 2012ರಲ್ಲಿ ಬಂದ ಓಆತ್ 2.0 ಎಂಬ ನಿಯಮದ ಮೇಲೆ ಕಟ್ಟಿದ್ದು, 2014ರಲ್ಲಿ ಜಾರಿಗೆ ಬಂತು. ನೀವು ದಿನಾ ಒತ್ತುವ 'ಗೂಗಲ್ ಮೂಲಕ ಒಳಬನ್ನಿ' ಬಟನ್‌ಗಳ ಹಿಂದೆ ಇರುವುದೂ ಇದೇ.

ಕೆಲಸ ಶುರುವಾಗುವುದು ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ. ಅಲ್ಲೊಂದು ಪ್ರಾಜೆಕ್ಟ್ ತೆರೆದು, ಲಾಗಿನ್ ಮಾಡುವವರಿಗೆ ಕಾಣುವ ಒಪ್ಪಿಗೆ ಪುಟಕ್ಕೆ ಹೆಸರು, ಮೇಲ್ ವಿಳಾಸ ತುಂಬಬೇಕು. ಆಮೇಲೆ 'ವೆಬ್ ಅಪ್ಲಿಕೇಷನ್' ಅಂತ ಆರಿಸಿ ಓಆತ್ ಕ್ಲೈಂಟ್ ಒಂದನ್ನು ಮಾಡಬೇಕು. ಆಗ ಎರಡು ಉದ್ದದ ಸಾಲು ಸಿಗುತ್ತವೆ: ಕ್ಲೈಂಟ್ ಐಡಿ, ಕ್ಲೈಂಟ್ ಸೀಕ್ರೆಟ್. ಮೊದಲನೆಯದು ಯಾರು ಕಂಡರೂ ಪರವಾಗಿಲ್ಲ. ಎರಡನೆಯದು ಹೆಸರೇ ಹೇಳುವಂತೆ ಗುಟ್ಟು. ಕಂಡ ತಕ್ಷಣ ಜೋಪಾನವಾಗಿ ಎತ್ತಿಡಿ. ವಾಟ್ಸ್ಆ್ಯಪ್ ಗ್ರೂಪಿಗಂತೂ ಬೇಡ.

ಎರಡನ್ನೂ ತಂದು ಹಾಕಬೇಕಾದ ಜಾಗ ಡಬ್ಲ್ಯುಎಚ್‌ಎಂ. ಇದು ಸಿಪ್ಯಾನೆಲ್‌ನ ಯಜಮಾನನ ಕೋಣೆ ಇದ್ದ ಹಾಗೆ, ಸರ್ವರ್ ನಡೆಸುವವರಿಗೆ ಮಾತ್ರ ಪ್ರವೇಶ. ಅಲ್ಲಿ ಸೆಕ್ಯುರಿಟಿ ಸೆಂಟರ್ ಒಳಗೆ 'ಮ್ಯಾನೇಜ್ ಎಕ್ಸ್‌ಟರ್ನಲ್ ಅಥೆಂಟಿಕೇಷನ್ಸ್' ಅಂತ ಒಂದು ಪುಟ. ಯಾವ ಯಾವ ಬಾಗಿಲಿಗೆ ಈ ಬಟನ್ ಬೇಕು ಅಂತ ಬೇರೆ ಬೇರೆಯಾಗಿ ಹೇಳಬಹುದು: ಸಿಪ್ಯಾನೆಲ್‌ಗೋ, ವೆಬ್‌ಮೇಲ್‌ಗೋ, ಡಬ್ಲ್ಯುಎಚ್‌ಎಂಗೋ. ನಾನು ಮೊದಲೆರಡಕ್ಕೆ ಮಾತ್ರ ಕೊಟ್ಟೆ. ಇಡೀ ಸರ್ವರಿನ ಯಜಮಾನಿಕೆಯ ಬಾಗಿಲನ್ನು ಯಾರದೇ ಜಿಮೇಲ್‌ಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಅತಿ ಜಾಗ್ರತೆ ಅಂತ ಗೆಳತಿ ನಕ್ಕಳು. ನಗಲಿ.

ನಾನು ಎಡವಿದ್ದು ನಡುವಿನ ಒಂದು ಮೆಟ್ಟಿಲಲ್ಲಿ. ಗೂಗಲ್ ತನ್ನ ಚೀಟಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಮೊದಲೇ ಬರೆದುಕೊಡಬೇಕು. ಇದನ್ನು ರೀಡೈರೆಕ್ಟ್ ವಿಳಾಸ ಅನ್ನುತ್ತಾರೆ. ನಾನು ಚಿಕ್ಕಮ್ಮನ ಸೈಟಿನ ಹೆಸರು ಬರೆದೆ. ಬಟನ್ ಒತ್ತಿದರೆ 'ಎರರ್ 400, ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್'. ಸರ್ವರಿನ ಹೆಸರು ಹಾಕಿದೆ. ಮತ್ತೆ ಅದೇ. ಕೊನೆಗೆ ಹೊಳೆದದ್ದು ಪೋರ್ಟ್ ನಂಬರ್ ಬಿಟ್ಟುಹೋಗಿದೆ ಅಂತ. ಸಿಪ್ಯಾನೆಲ್‌ನ ಬಾಗಿಲು 2083, ವೆಬ್‌ಮೇಲ್‌ನದು 2096, ಡಬ್ಲ್ಯುಎಚ್‌ಎಂನದು 2087. ಒಂದೊಂದಕ್ಕೂ ಪ್ರತ್ಯೇಕ ವಿಳಾಸ ಕೊಡಬೇಕು, ಅದೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕೊನೆಯಲ್ಲಿ ಒಂದು ಓರೆಗೆರೆ ಹೆಚ್ಚಿದ್ದರೂ ಗೂಗಲ್ ಒಪ್ಪಲ್ಲ. ಬರೀ ಐಪಿ ಅಂಕಿ ಕೊಟ್ಟರೂ ಒಪ್ಪಲ್ಲ, ಸರಿಯಾದ ಹೆಸರೂ ಎಚ್‌ಟಿಟಿಪಿಎಸ್ಸೂ ಬೇಕು. ಡಬ್ಲ್ಯುಎಚ್‌ಎಂ ಪುಟದಲ್ಲೇ ಈ ವಿಳಾಸಗಳನ್ನು ಪೂರ್ತಿ ಬರೆದು ತೋರಿಸಿರುತ್ತಾರೆ. ನಕಲು ಮಾಡಿ ಅಂಟಿಸಿದರೆ ಆಯಿತು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಒಂದು ಸಂಜೆ ಕಳೆದೆ.

ಈ ಹಟ ಸುಮ್ಮನೆ ಅಲ್ಲ. ಆ ಚೀಟಿಯೇ ಒಳಗೆ ಬಿಡುವ ಪಾಸು. ಸುಮಾರಾಗಿ ಹೊಂದುವ ಯಾವ ವಿಳಾಸಕ್ಕಾದರೂ ಸರಿ ಅಂದರೆ, ಹಾದಿಯಲ್ಲಿ ಯಾರಾದರೂ ತಮ್ಮ ಮನೆಗೆ ತರಿಸಿಕೊಳ್ಳಬಹುದು.

ಎಲ್ಲ ಹೊಂದಿದ ಮೇಲೆ ಲಾಗಿನ್ ಪುಟದಲ್ಲಿ ಗೂಗಲ್ ಬಟನ್ ಕಾಣಿಸಿತು. ಮೊದಲ ಸಲ ಒತ್ತಿದಾಗ ಗೂಗಲ್ ಖಾತೆ ಆರಿಸಬೇಕು, ಆಮೇಲೆ ಸಿಪ್ಯಾನೆಲ್‌ನ ಸ್ವಂತ ಯೂಸರ್‌ನೇಮ್, ಪಾಸ್‌ವರ್ಡ್ ಒಂದು ಸಲ ಕೇಳುತ್ತೆ. ಈ ಗೂಗಲ್ ಖಾತೆಯೂ ಆ ಸಿಪ್ಯಾನೆಲ್ ಖಾತೆಯೂ ಒಬ್ಬರದೇ ಅಂತ ಗಂಟು ಹಾಕುವುದು ಆಗಲೇ. ಎರಡನೇ ಸಲದಿಂದ ನೇರ ಪ್ರವೇಶ.

ದುಬೈ ಹುಡುಗ ಕಾಲೇಜಿನ ಐಡಿಯಿಂದ ಹಾಕಿದ್ದೂ ಇಂಥದ್ದೇ ಗಂಟು. ಪಾಪ, ಅವನು ಮುಚ್ಚಿಟ್ಟಿರಲಿಲ್ಲ. ಅಂದು ಬ್ರೌಸರಿನಲ್ಲಿ ಯಾವ ಖಾತೆ ತೆರೆದಿತ್ತೋ ಅದನ್ನು ಒತ್ತಿದ್ದಾನೆ, ಅಷ್ಟೇ. ನೀವೂ ಆಫೀಸ್ ಲ್ಯಾಪ್‌ಟಾಪಿನಲ್ಲಿ ಕೂತು ಅಪ್ಪನ ಅಂಗಡಿಯದ್ದೋ ಅಣ್ಣನ ಹೋಮ್‌ಸ್ಟೇಯದ್ದೋ ಸೈಟ್ ನೋಡಿಕೊಳ್ಳುತ್ತಿದ್ದರೆ ಒಂದು ಸಲ ಪರೀಕ್ಷಿಸಿ. ಗಂಟು ಬಿದ್ದಿರುವುದು ಕಂಪನಿಯ ಐಡಿಗಾದರೆ, ಕೆಲಸ ಬಿಟ್ಟ ದಿನವೇ ಅದು ಕಡಿದುಹೋಗುತ್ತೆ.

ಮೊದಲ ಲಾಗಿನ್ ಮಾಡಿಸಲು ಚಿಕ್ಕಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವರ ಬೆರಳಿಗೆಲ್ಲ ಮಿಡಿಯ ಸೊನೆ. ಚಿಕ್ಕಪ್ಪ ಫೋನ್ ಹಿಡಿದಿದ್ದರು. ಬಟನ್ ಒತ್ತಿ, ಒಳಗೆ ಹೋಗಿ, "ಇಷ್ಟೇನಾ?" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಈ ಗೂಗಲ್‌ನಲ್ಲಿ ನೀನೇನೋ ಮಾಡಿದ್ಯಲ್ಲ, ಪ್ರಾಜೆಕ್ಟು ಅಂತ. ಅದು ಯಾರ ಹೆಸರಲ್ಲಿದೆ?"

"ನನ್ನ ಜಿಮೇಲ್‌ನಲ್ಲಿ."

"ನಾಳೆ ನೀನು ಮದುವೆಯಾಗಿ ಅಮೆರಿಕಕ್ಕೆ ಹೋಗಿ, ನಂಬರ್ ಬದಲಾಯಿಸಿದ್ರೆ?"

ನಾನು ಮಾಡಿದ್ದೂ ಹುಡುಗ ಮಾಡಿದ್ದನ್ನೇ, ಒಂದು ಮಹಡಿ ಮೇಲೆ. ಚಿಕ್ಕಮ್ಮನ ಗಂಟು ಅವರದೇ ಖಾತೆಗೆ ಬಿದ್ದಿತ್ತು ನಿಜ. ಆದರೆ ಆ ಬಟನ್‌ಗೆ ಜೀವ ಕೊಡುವ ಕ್ಲೈಂಟ್ ಐಡಿ ನನ್ನ ಸ್ವಂತ ಖಾತೆಯಲ್ಲಿತ್ತು. ನನ್ನ ಖಾತೆಗೆ ಏನಾದರೂ ಆದರೆ ಐದಾರು ಮನೆಯವರ ಬಟನ್ ಒಟ್ಟಿಗೆ ಸಾಯುತ್ತೆ.

ಅಂದೇ ರಾತ್ರಿ ಪ್ರಾಜೆಕ್ಟಿಗೆ ಗೆಳತಿಯನ್ನೂ ಓನರ್ ಆಗಿ ಸೇರಿಸಿದೆ. ಇದಕ್ಕೆಂದೇ ಒಂದು ಹೊಸ ಜಿಮೇಲ್ ತೆರೆದು ಬಿಡೋಣ ಅನ್ನುವುದು ನನ್ನ ಮೊದಲ ಯೋಚನೆ. ಅದರಲ್ಲೂ ಒಂದು ಗುಂಡಿ ಇದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎನ್ನುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಅದೇ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಜೋಪಾನ ಮಾಡಲು ತೆರೆದು ಮರೆತ ಖಾತೆಯೇ ಮೊದಲು ಹೋಗುವುದು. ದಿನಾ ಬಳಸುವ ಇಬ್ಬರ ಖಾತೆ ಇರುವುದೇ ವಾಸಿ.

ಪಾಸ್‌ವರ್ಡ್ ಬಾಗಿಲನ್ನೂ ಮುಚ್ಚಲಿಲ್ಲ. ಗೂಗಲ್ ಖಾತೆಗೇ ಬೀಗ ಬಿದ್ದರೆ ಹೋಗಲು ಇನ್ನೊಂದು ದಾರಿ ಬೇಕಲ್ಲ. ಉದ್ದನೆಯ ಪಾಸ್‌ವರ್ಡ್ ಇಟ್ಟು, ಸಂಪರ್ಕದ ಮೇಲ್ ವಿಳಾಸವನ್ನು ಚಿಕ್ಕಮ್ಮನ ಸ್ವಂತ ಜಿಮೇಲ್‌ಗೆ ಬದಲಾಯಿಸಿದೆ. ಅದೇ ಡೊಮೇನಿನ ಆರ್ಡರ್ ವಿಳಾಸ ಹಾಕುವ ತಪ್ಪು ಎಷ್ಟೋ ಜನ ಮಾಡುತ್ತಾರೆ. ಜಾಗ ತುಂಬಿ ಮೇಲ್ ನಿಂತರೆ ರೀಸೆಟ್ ಮೇಲೂ ಬರಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ನನಗೇ ಇತ್ತು. ಗೂಗಲ್ ಬಟನ್ ಬಂದರೆ ಪಾಸ್‌ವರ್ಡ್‌ಗಳ ಕಾಟ ಮುಗೀತು ಅಂದುಕೊಂಡಿದ್ದೆ. ಬಟನ್ ಇರುವುದು ಬ್ರೌಸರಿನ ಲಾಗಿನ್ ಪುಟಕ್ಕೆ ಮಾತ್ರ. ಫೋನಿನ ಮೇಲ್ ಆ್ಯಪ್‌ಗೆ ಆರ್ಡರ್ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಬೇಕೇ ಬೇಕು, ಎಫ್‌ಟಿಪಿಗೂ ಹಾಗೇ. ಸೈಟ್ ತರುವಾಗ ಹುಡುಗನ ಹೆಸರಿನ ಒಂದು ಎಫ್‌ಟಿಪಿ ಖಾತೆಯೂ ಜೊತೆಗೇ ಬಂದಿತ್ತು. ಅವನಿಗೆ ಹೇಳಿಯೇ ತೆಗೆದೆ. "ಅಯ್ಯೋ, ಅದೊಂದು ಇತ್ತಾ?" ಅಂದ.

ಯಾವ ಯಾವ ಖಾತೆಗೆ ಗಂಟು ಬಿದ್ದಿದೆ ಅನ್ನುವುದು ಸಿಪ್ಯಾನೆಲ್‌ನ ಪಾಸ್‌ವರ್ಡ್ ಆ್ಯಂಡ್ ಸೆಕ್ಯುರಿಟಿ ಪುಟದಲ್ಲಿ ಕಾಣುತ್ತೆ, ಬೇಡದ್ದನ್ನು ಅಲ್ಲೇ ಬಿಚ್ಚಬಹುದು. ಯಾರಾದರೂ ಕೆಲಸ ಬಿಟ್ಟು ಹೋದಾಗ ನಾವು ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಾಗುತ್ತೇವೆ. ಗೂಗಲ್ ಗಂಟು ಬೇರೆಯೇ ಕೀಲಿ, ಆ ಪಟ್ಟಿಯನ್ನೂ ತೆರೆದು ನೋಡಬೇಕು.

ಗೂಗಲ್‌ನವರು ಫೋನ್ ಕಳೆದಾಗ ಬಳಸಲು ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಚಿಕ್ಕಮ್ಮ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ಪುಸ್ತಕ ಗೋದ್ರೆಜ್ ಬೀರುವಿನಲ್ಲಿದೆ. ದೀಪಾವಳಿಗೆ ಹೊಸ ಪುಸ್ತಕ ತೆಗೆಯುವಾಗ ಪಟ್ಟಿಯನ್ನೂ ಒಂದ್ಸಲ ನೋಡುವುದು ಅಂತ ತೀರ್ಮಾನ. ದುಬೈಗೆ ಹೊರಟಿದ್ದ ಯಾರದೋ ಕೈಯಲ್ಲಿ ಹುಡುಗನಿಗೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಹೋಗಿದೆ. ಅದನ್ನು ಕೇಳಿದ್ದು ಅವನಲ್ಲ, ಅವನ ರೂಮ್‌ಮೇಟ್. ಸೈಟ್ ನೋಡಿ ಆರ್ಡರ್ ಮೇಲ್ ಕಳಿಸಿದ್ದನಂತೆ. ಈ ಸಲ ಅದು ವಾಪಸ್ ಹೋಗಲಿಲ್ಲ.