ಹೃದಯದ ಸೋಂಕಿನಿಂದ ಕಣ್ಣು ಕಾಣದಾಗಬಹುದೇ?

ಹೌದು. ಹೃದಯದ ಕವಾಟಕ್ಕೆ ಬ್ಯಾಕ್ಟೀರಿಯಾ ತಗಲಿ ಆಗುವ ಸೋಂಕಿಗೆ ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಕವಾಟದ ಮೇಲೆ ಬೆಳೆದ ಗಂಟಿನ ಚೂರು ಕಳಚಿ, ರಕ್ತದೊಂದಿಗೆ ಸಾಗಿ, ಅಕ್ಷಿಪಟಲದ ರಕ್ತನಾಳವನ್ನು ಮುಚ್ಚಿದರೆ ನೋವಿಲ್ಲದೆಯೇ ಒಂದು ಕಣ್ಣು ದಿಢೀರನೆ ಕಾಣದಾಗುತ್ತದೆ. ರುಮಾಟಿಕ್ ಜ್ವರದಿಂದ ಕವಾಟ ಹಾಳಾದವರಿಗೆ, ಕೃತಕ ಕವಾಟ ಹಾಕಿಸಿಕೊಂಡವರಿಗೆ ಈ ಸೋಂಕಿನ ಅಪಾಯ ಹೆಚ್ಚು.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಮೆಡಿಕಲ್‌ನಿಂದ ಮಾತ್ರೆ ತಂದು ದಿನ ದೂಡುವವರು ಗಮನಿಸಿ: ಬಿಡದ ಜ್ವರಕ್ಕೆ ನೀವಾಗಿಯೇ ಆಂಟಿಬಯೋಟಿಕ್ ನುಂಗಿದರೆ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಪತ್ತೆಯಾಗದೇ ಹೋಗಬಹುದು. ಈ ಸೋಂಕಿಗೆ ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಔಷಧ ಕೊಡಬೇಕಾಗುತ್ತದೆ.

ದೃಷ್ಟಿ ಹೋದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಜ್ವರ, ಕವಾಟದ ತೊಂದರೆ, ನುಂಗಿದ ಮಾತ್ರೆ, ಈ ಮೂರನ್ನೂ ವೈದ್ಯರಿಗೆ ತಿಳಿಸಿ.