ಹದಿನೆಂಟು ಕೋಟಿಯ ಮದ್ದು

ವಂಶವಾಹಿ ತಿದ್ದುವ ಮಾತು ಬಂದಾಗಲೆಲ್ಲ ಚರ್ಚೆ ಸಿರಿವಂತರ ಕೂಸುಗಳತ್ತ ಹೊರಳುತ್ತದೆ. ಎತ್ತರದ, ಜಾಣ ಮಕ್ಕಳನ್ನು ಅವರು ಹೇಳಿ ಮಾಡಿಸಿಕೊಂಡಾರು ಎಂಬ ಭಯ. ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರಲ್ಲಿ ಸಾರಿ, ಕೊನೆಗೆ ಜೈಲು ಸೇರಿದ ಮೇಲೆ ಆ ಭಯ ಇನ್ನಷ್ಟು ಬಲಿಯಿತು. ಆದರೆ ಎತ್ತರವೊಂದಕ್ಕೇ ಡಿಎನ್‌ಎಯ 12,000ಕ್ಕೂ ಹೆಚ್ಚು ತಾಣಗಳ ನಂಟಿದೆ. ಅಷ್ಟನ್ನೂ ತಿದ್ದಿ ಆರಡಿಯ ಮಗನನ್ನು ಪಡೆಯುವುದು ಸದ್ಯಕ್ಕೆ ಆಗಹೋಗದ ಮಾತು. ಅಸಮಾನತೆ ಅಲ್ಲಿಯವರೆಗೆ ಕಾದಿಲ್ಲ. ಆಸ್ಪತ್ರೆಯ ಬಿಲ್ಲಿನಲ್ಲಿ ಆಗಲೇ ಕಾಣಿಸಿಕೊಂಡಿದೆ.

ಸಿಕಲ್ ಸೆಲ್ ಕಾಯಿಲೆಯನ್ನೇ ನೋಡಿ. ಹಿಮೋಗ್ಲೋಬಿನ್ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಮೂಳೆಯಲ್ಲೂ ನೋವು. ತಂದೆತಾಯಿ ಇಬ್ಬರಿಂದಲೂ ಈ ದೋಷ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಮಲೇರಿಯದಿಂದ ಒಂದಿಷ್ಟು ರಕ್ಷಣೆ. ಹಾಗಾಗಿಯೇ ಮಲೇರಿಯ ಕಾಡಿದ ನೆಲಗಳಲ್ಲಿ ಇದು ಉಳಿದುಬಂತು: ಆಫ್ರಿಕಾದಲ್ಲಿ, ಮಧ್ಯ ಭಾರತದ ಆದಿವಾಸಿಗಳಲ್ಲಿ, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಜೇನುಕುರುಬರಲ್ಲಿ.

2023ರ ನವೆಂಬರಿನಲ್ಲಿ ಬ್ರಿಟನ್, ಮರುತಿಂಗಳು ಅಮೆರಿಕ, ವಂಶವಾಹಿ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಮೊದಲ ಚಿಕಿತ್ಸೆ ಕ್ಯಾಸ್ಜೆವಿಗೆ ಈ ಕಾಯಿಲೆಗಾಗಿ ಒಪ್ಪಿಗೆ ಕೊಟ್ಟವು. ಅದು ಕೆಟ್ಟ ಅಕ್ಷರವನ್ನು ತಿದ್ದುವುದೇ ಇಲ್ಲ! ಗರ್ಭದಲ್ಲಿದ್ದಾಗ ನಾವೆಲ್ಲ ಬಳಸುವ, ಹುಟ್ಟಿದ ಮೇಲೆ ಬಹುಮಟ್ಟಿಗೆ ನಿಂತುಹೋಗುವ ಇನ್ನೊಂದು ಹಿಮೋಗ್ಲೋಬಿನ್ ಇದೆ. ರೋಗಿಯ ರಕ್ತದ ಆಕರಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಆ ಹಿಮೋಗ್ಲೋಬಿನ್ನಿನ ತಡೆಯನ್ನು ಕತ್ತರಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಜಾಣ ಉಪಾಯ, ಮೆಚ್ಚಲೇಬೇಕು. ಅಮೆರಿಕದಲ್ಲಿ ಆಗ ಈ ಚಿಕಿತ್ಸೆಗೆ ಇಟ್ಟ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ.

ದೆಹಲಿಯ ವಂಶವಾಹಿ ಸಂಶೋಧನಾ ಸಂಸ್ಥೆ ಐಜಿಐಬಿಯ ವಿಜ್ಞಾನಿಗಳು ಅಗ್ಗದ ದೇಸಿ ಕ್ರಿಸ್ಪರ್ ಚಿಕಿತ್ಸೆಗೆ ದುಡಿಯುತ್ತಿದ್ದಾರೆ. ಅದು ಕೈಗೆಟುಕಿದರೂ ಕಷ್ಟ ತೀರದು. ತಿದ್ದಿದ ಕೋಶ ಸೇರಿಸುವ ಮೊದಲು ಪ್ರಬಲ ಕೀಮೋಥೆರಪಿಯಿಂದ ಹಳೆಯ ಮಜ್ಜೆಯನ್ನು ಬರಿದು ಮಾಡಬೇಕು. ಆಮೇಲೆ ಸೋಂಕು ತಗಲದ ಕೋಣೆಯಲ್ಲಿ ವಾರಗಟ್ಟಲೆ ಇರಬೇಕು. ಮುಂದೆ ಮಕ್ಕಳಾಗದ ಅಪಾಯವೂ ಉಂಟು. ಪೋಡು ಎಂಬ ಕಾಡಿನ ಹಾಡಿಯಿಂದ ಬಂದವರಿಗೆ ಆ ಕೋಣೆ ಯಾವ ಊರಿನಲ್ಲಿದೆ, ಅಷ್ಟು ದಿನದ ಕೂಲಿ ಯಾರು ಕೊಡುತ್ತಾರೆ?

ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿ ಇಟ್ಟುಕೊಂಡಿತು. ನನ್ನ ಮಟ್ಟಿಗೆ ಈಗಲೇ ಕೇಳಬೇಕಾದ ಲೆಕ್ಕ ಬೇರೆ: ಆ ಪರೀಕ್ಷೆಯಲ್ಲಿ ರೋಗ ಕಂಡವರಲ್ಲಿ ಎಷ್ಟು ಮಂದಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ, ಈ ಕಾಯಿಲೆಗೆ ಕೊಡುವ ಹಳೆಯ ಅಗ್ಗದ ಮಾತ್ರೆ, ತಿಂಗಳು ತಪ್ಪದೆ ಸಿಗುತ್ತಿದೆ?