ಫೈಬರ್ ದೋಣಿಯ ಒಳಗಿನ ಕೊಳೆತ



ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡಲ ಕರೆಯವರಿಗೆ ಫೈಬರ್ ದೋಣಿ ಹೊಸದಲ್ಲ. ಫೈಬರ್ ಕೊಳೆಯುವುದಿಲ್ಲ ಎಂಬ ಮಾತು ನಿಜ. ಆದರೆ ಅನೇಕ ದೋಣಿಗಳಲ್ಲಿ ಇಂಜಿನ್ ತೂಗುವ ಹಿಂಬದಿಯ ಗೋಡೆಯಲ್ಲೂ ನಾವು ಕಾಲೂರುವ ಹಾಸಿನಲ್ಲೂ ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ಇಳಿದ ನೀರು ಹೊರಬರಲಾರದೆ ಆ ಮರವನ್ನು ಕೊಳೆಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅಲೆಗಳ ನಡುವೆ ಇಂಜಿನ್ ಕಳಚಿದರೆ ದೋಣಿಯಲ್ಲಿದ್ದವರ ಗತಿಯೇನು?

ಪರೀಕ್ಷೆ ಸುಲಭ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿರಿ. ಗಟ್ಟಿ ಮರ ಟಕಟಕ ಎನ್ನುತ್ತದೆ, ಕೊಳೆತದ್ದು ದಬದಬ ಎನ್ನುತ್ತದೆ. ಸಂಶಯವಿದ್ದಲ್ಲಿ ಒಳಬದಿಯಿಂದ ಸಣ್ಣ ತೂತು ಕೊರೆಯಿರಿ. ಒದ್ದೆಯಾದ ಕಪ್ಪು ಪುಡಿ ಬಂದರೆ ಮರ ಹೋಗಿದೆಯೆಂದೇ ಅರ್ಥ. ಅದರ ಮೇಲೆ ತೇಪೆ ಹಾಕಿದರೆ ನೀರನ್ನು ಒಳಗೇ ಮುಚ್ಚಿಟ್ಟಂತೆ.

ಒಳಪದರವನ್ನು ಕತ್ತರಿಸಿ, ಕೊಳೆತದ್ದನ್ನೆಲ್ಲ ತೆಗೆಯಿರಿ. ಹೊರಪದರ ಹಾಗೆಯೇ ಇರಲಿ. ಚೆನ್ನಾಗಿ ಒಣಗಿಸಿ, ಒರಟು ಕಾಗದದಿಂದ ಉಜ್ಜಿರಿ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡನ್ನು ಹಳೆಯ ದಪ್ಪಕ್ಕೇ ಸರಿಯಾಗಿ ಕತ್ತರಿಸಿ, ಎರಡೂ ಮುಖಕ್ಕೆ, ಮುಖ್ಯವಾಗಿ ಅಂಚುಗಳಿಗೆ, ರೆಸಿನ್ ಕುಡಿಸಿ ಕೂರಿಸಿರಿ. ಮೂಲೆಗಳನ್ನು ಗುಂಡಗೆ ತುಂಬಿ, ಒಂದಕ್ಕಿಂತ ಒಂದು ಅಗಲವಾಗಿ ಫೈಬರ್ ಮ್ಯಾಟಿನ ಪದರಗಳನ್ನು ಹಾಸಿರಿ. ನೆಲದ ಹಾಸು ತೆಗೆದಾಗ ಅಡಿಯ ಉದ್ದ ಪಟ್ಟಿಗಳನ್ನೂ ತಟ್ಟಿ ನೋಡಿರಿ. ಹೊಸ ಹಲಗೆಯ ಅಡಿಬದಿಗೂ ರೆಸಿನ್ ಬಳಿಯದೆ ಕೂರಿಸಬೇಡಿ.

ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ನಾದರೆ ಕಿಲೋಗೆ 10ರಿಂದ 20 ಗ್ರಾಂ ಹಾರ್ಡನರ್ ಸಾಕು. ಬಿಸಿಲಿನಲ್ಲಿ ಬೇಗ ಗಟ್ಟಿಯಾಗುವುದರಿಂದ ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿರಿ. ಕೋಬಾಲ್ಟ್ ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಪೂರ್ತಿ ಬೆರೆಸಿ, ಆಮೇಲೆ ಹಾರ್ಡನರ್ ಹಾಕಬೇಕು. ಅವೆರಡನ್ನೂ ನೇರವಾಗಿ ಸೇರಿಸಿದರೆ ಬೆಂಕಿ ಹತ್ತಿಕೊಂಡು ಸಿಡಿಯಬಹುದು. ಬೀಡಿ ದೂರವಿರಲಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಕೊನೆಗೆ ಬೋಲ್ಟಿನ ತೂತು. ಮೊದಲು ದೊಡ್ಡದಾಗಿ ಕೊರೆದು, ಫಿಲ್ಲರ್ ಪುಡಿ ಬೆರೆಸಿದ ರೆಸಿನ್ ತುಂಬಿರಿ. ಗಟ್ಟಿಯಾದ ಮೇಲೆ ಅದರ ನಡುವೆಯೇ ಬೋಲ್ಟಿನ ಅಳತೆಗೆ ಕೊರೆಯಿರಿ. ಆಗ ನೀರು ಇಳಿದರೂ ಮರಕ್ಕೆ ತಾಗದು. ಕೊಳೆತಕ್ಕೆ ದಾರಿಯಾದದ್ದೇ ಈ ತೂತು. ಅದನ್ನು ಮುಚ್ಚದೆ ಬಿಟ್ಟರೆ ಹೊಸ ಮರವೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಮಳೆ ಶುರುವಾಗುವ ಮೊದಲೇ, ದೋಣಿ ದಡದಲ್ಲಿರುವಾಗ, ಒಮ್ಮೆ ತಟ್ಟಿ ನೋಡುತ್ತೀರಲ್ಲ?